ಕಾರ್ವೆಟ್ ಆರ್ಡರ್ ಮಾಡುವ ಮುನ್ನ: 1ಎಲ್‌ಟಿ, 2ಎಲ್‌ಟಿ, 3ಎಲ್‌ಟಿಗಳಲ್ಲಿ ನಿಮಗೆ ಯಾವುದು?

ಊರಿನಲ್ಲಿ ಕಾರು ಕೊಳ್ಳುವಾಗ ನಮಗೊಂದು ಅಭ್ಯಾಸವಿದೆ. ಬೇಸ್ ಮಾಡೆಲ್, ಮಧ್ಯದ ವೇರಿಯಂಟ್, ಟಾಪ್ ಎಂಡ್ ಎಂದು ಮೂರು ಬೆಲೆ ಕೇಳಿಕೊಂಡು, ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂದು ನೋಡಿ, ಕೈಗೆಟುಕಿದಷ್ಟು ಮೇಲಿನದನ್ನು ಬರೆಸುತ್ತೇವೆ. ಅಲ್ಲಿ ಅದರಲ್ಲಿ ಅರ್ಥವಿದೆ. ಎಷ್ಟೋ ಕಾರುಗಳಲ್ಲಿ ಒಳ್ಳೆಯ ಎಂಜಿನ್, ಹೆಚ್ಚುವರಿ ಏರ್‌ಬ್ಯಾಗ್ ಎಲ್ಲವನ್ನೂ ಮೇಲಿನ ವೇರಿಯಂಟಿಗೇ ಮೀಸಲಿಟ್ಟಿರುತ್ತಾರೆ. ಆದರೆ ಇದೇ ಲೆಕ್ಕವನ್ನು ಹಿಡಿದುಕೊಂಡು ಅಮೆರಿಕದಲ್ಲಿ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು ಕಾರ್ವೆಟ್ ಆರ್ಡರ್ ಮಾಡಲು ಹೊರಟರೆ ಸಾವಿರಾರು ಡಾಲರ್ ಬೇಡದ ಕಡೆಗೆ ಹೋಗುತ್ತದೆ, ಬೇಕಾದದ್ದು ಕೈತಪ್ಪುತ್ತದೆ.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನ ಹೊರವಲಯದಲ್ಲಿ. ಇಲ್ಲಿ ವಾಹನ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬಹಳ. ಯುಗಾದಿಗೋ ದೀಪಾವಳಿಗೋ ಸೇರಿದಾಗ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: “ಕಾರ್ವೆಟ್ ಬುಕ್ ಮಾಡೋಣ ಎಂದಿದ್ದೇನೆ. 3ಎಲ್‌ಟಿಯೇ ತೆಗೆದುಕೊಳ್ಳಲೇ?” 1ಎಲ್‌ಟಿ, 2ಎಲ್‌ಟಿ, 3ಎಲ್‌ಟಿ ಎಂಬುವು ಕಾರ್ವೆಟ್‌ನ ಮೂರು ಟ್ರಿಮ್‌ಗಳು, ಅಂದರೆ ನಮ್ಮ ಮಾತಿನ ವೇರಿಯಂಟ್‌ಗಳು. ಪ್ರತಿ ಸಲವೂ ಊಟ ಆರುವವರೆಗೆ ನಿಂತು ವಿವರಿಸಿದ್ದೇನೆ. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಾನು ಆರ್ಡರ್ ಮಾಡಿದ್ದು 2023ರ ಮಾಡೆಲ್. ಕಂಪನಿ ಪ್ರತಿ ವರ್ಷವೂ ಪಟ್ಟಿಯನ್ನು ಅಲ್ಲಿ ಇಲ್ಲಿ ಬದಲಾಯಿಸುತ್ತದೆ, 2026ರ ಮಾಡೆಲ್‌ನಲ್ಲಂತೂ ಒಳಾಂಗಣವನ್ನೇ ಹೊಸದಾಗಿ ಮಾಡಿದೆ. ಆದ್ದರಿಂದ ನಿಮ್ಮ ವರ್ಷದ ಆರ್ಡರ್ ಗೈಡನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಓದಿ.

ಮೊದಲು: ಟ್ರಿಮ್ ಏನನ್ನು ಬದಲಾಯಿಸುವುದಿಲ್ಲ ಎಂದು ತಿಳಿಯಿರಿ

2019ರ ಜುಲೈನಲ್ಲಿ ಅನಾವರಣಗೊಂಡ ಎಂಟನೆಯ ತಲೆಮಾರಿನ ಕಾರ್ವೆಟ್‌ನಲ್ಲಿ ಎಂಜಿನ್ ಮುಂದಿನಿಂದ ಹಿಂದಕ್ಕೆ, ಸೀಟಿನ ಬೆನ್ನಿಗೆ ಬಂತು. ಸ್ಟಿಂಗ್‌ರೇ ಎಂಬ ಮೂಲ ಮಾದರಿಯಲ್ಲಿರುವುದು 6.2 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಹೆಸರು ಎಲ್‌ಟಿ2 (2ಎಲ್‌ಟಿ ಟ್ರಿಮ್‌ಗೂ ಈ ಹೆಸರಿಗೂ ಸಂಬಂಧವಿಲ್ಲ). ಶಕ್ತಿ 490 ಎಚ್‌ಪಿ, ಪರ್ಫಾರ್ಮೆನ್ಸ್ ಎಕ್ಸಾಸ್ಟ್ ಹಾಕಿಸಿದರೆ 495. ಗೇರ್‌ಬಾಕ್ಸ್ ಎಂಟು ಗೇರಿನ ಡ್ಯುಯಲ್ ಕ್ಲಚ್ ಒಂದೇ, ಮ್ಯಾನ್ಯುಯಲ್ ಇಲ್ಲ.

1ಎಲ್‌ಟಿ ತೆಗೆದುಕೊಂಡವರಿಗೂ ಇದೇ ಎಂಜಿನ್, 3ಎಲ್‌ಟಿ ತೆಗೆದುಕೊಂಡವರಿಗೂ ಇದೇ ಎಂಜಿನ್. ಚಾಸಿ ಒಂದೇ, ಗೇರ್‌ಬಾಕ್ಸ್ ಒಂದೇ. ಎಲ್‌ಟಿಗೆ ಮೊದಲು ಬರುವ ಅಂಕಿ ಹೇಳುವುದು ನೀವು ಕುಳಿತಿರುವ ಕೋಣೆ ಹೇಗಿದೆ ಎಂಬುದನ್ನು ಮಾತ್ರ: ಸೀಟು, ಪರದೆ, ಸ್ಪೀಕರ್, ಕ್ಯಾಮೆರಾ, ಚರ್ಮದ ಹೊದಿಕೆ. ಕಾರು ರಸ್ತೆಯ ಮೇಲೆ ಹೇಗೆ ಓಡುತ್ತದೆ ಎಂಬುದನ್ನು ತೀರ್ಮಾನಿಸುವ ಝಡ್51 ಪ್ಯಾಕೇಜು ಬೇರೆಯೇ ಸಾಲಿನಲ್ಲಿರುತ್ತದೆ, ಅದನ್ನು ಯಾವ ಟ್ರಿಮ್‌ಗಾದರೂ ಸೇರಿಸಬಹುದು.

ಆದರೂ ಟ್ರಿಮ್ ಒಂದು ಬಾಗಿಲಿನಂತೆ ಕೆಲಸ ಮಾಡುತ್ತದೆ. ಕೆಲವು ಐಚ್ಛಿಕ ಭಾಗಗಳು 2ಎಲ್‌ಟಿಯ ಬಾಗಿಲು ದಾಟಿದವರಿಗೆ ಮಾತ್ರ ಸಿಗುತ್ತವೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಹೀಗಾಗಿ ಆರಿಸುವ ಕ್ರಮವನ್ನು ತಿರುಗಿಸಿಕೊಳ್ಳಿ: ಕಾರು ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಹಾಕಿಸಲಾಗದ್ದು ಮೊದಲು, ಟ್ರಿಮ್ ಆಮೇಲೆ, ಬಣ್ಣ ಕೊನೆಗೆ.

ಮನೆಯ ಮುಂದಿನ ಇಳಿಜಾರನ್ನು ನೋಡಿ

ಶೋರೂಮಿಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸ ಇದು. ನಿಮ್ಮ ಡ್ರೈವ್‌ವೇ (ರಸ್ತೆಯಿಂದ ಗ್ಯಾರೇಜಿಗೆ ಹೋಗುವ ದಾರಿ) ರಸ್ತೆಗೆ ಕೂಡುವ ಜಾಗದಲ್ಲಿ ನಿಂತು ನೋಡಿ. ರಸ್ತೆಯಂಚಿನ ಮೋರಿ ತಗ್ಗಾಗಿದ್ದು, ಅಲ್ಲಿಂದ ಡ್ರೈವ್‌ವೇ ಥಟ್ಟನೆ ಮೇಲೇರುತ್ತಿದೆಯೇ? ಹಾಗಿದ್ದರೆ ಕಾರ್ವೆಟ್‌ನ ಮೂತಿ ಅಲ್ಲಿ ನೆಲ ಉಜ್ಜುವ ಸಂಭವ ಹೆಚ್ಚು. ಮುಂದಿನ ಚಕ್ರ ಇಳಿಜಾರು ಹತ್ತುವುದಕ್ಕೆ ಮೊದಲೇ ಬಂಪರಿನ ಕೆಳತುಟಿ ಸಿಮೆಂಟನ್ನು ಮುಟ್ಟಿರುತ್ತದೆ. ಆ ಕೊರೆಯುವ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಇದಕ್ಕೆ ಪರಿಹಾರ ಫ್ರಂಟ್ ಲಿಫ್ಟ್, ಆರ್ಡರ್ ಹಾಳೆಯಲ್ಲಿ ಇದರ ಸಂಕೇತ ಇ60. ಗುಂಡಿ ಒತ್ತಿದರೆ ಮೂರು ಸೆಕೆಂಡಿನೊಳಗೆ ಕಾರಿನ ಮುಂಭಾಗ ಸುಮಾರು 40 ಮಿಲಿಮೀಟರ್ ಮೇಲೇಳುತ್ತದೆ. ಗಂಟೆಗೆ 24 ಮೈಲಿ, ಅಂದರೆ ಸುಮಾರು 39 ಕಿಲೋಮೀಟರ್ ವೇಗದವರೆಗೆ ಕೆಲಸ ಮಾಡುತ್ತದೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಗುಣವೆಂದರೆ ನೆನಪು. ಒಂದು ಜಾಗದಲ್ಲಿ ಎತ್ತಿ ಅದನ್ನು ಉಳಿಸಿಕೊಳ್ಳಲು ಹೇಳಿದರೆ, ಜಿಪಿಎಸ್ ನೆರವಿನಿಂದ ಮುಂದಿನ ಸಲ ಅದೇ ಜಾಗಕ್ಕೆ ಬಂದಾಗ ಕಾರು ತಾನಾಗಿಯೇ ಮೂತಿ ಎತ್ತಿಕೊಳ್ಳುತ್ತದೆ. ಇಂಥ ಸಾವಿರ ಜಾಗಗಳನ್ನು ನೆನಪಿಟ್ಟುಕೊಳ್ಳುತ್ತದೆ. ನನ್ನ ಕಾರಿನಲ್ಲಿ ಮನೆ, ಕಚೇರಿಯ ಪಾರ್ಕಿಂಗ್, ದೇವಸ್ಥಾನದ ಹಿಂದಿನ ಉಬ್ಬು ಎಲ್ಲವೂ ಸೇರಿವೆ.

ನಾನು ಬುಕ್ ಮಾಡಿದಾಗ ಈ ಲಿಫ್ಟ್ 1ಎಲ್‌ಟಿಗೆ ಸಿಗುತ್ತಿರಲಿಲ್ಲ. 2ಎಲ್‌ಟಿ ಅಥವಾ 3ಎಲ್‌ಟಿ ಆಗಲೇಬೇಕಿತ್ತು. ಹೊರಗೆ ಹಾಕಿಸುವ ಕಿಟ್‌ಗಳಿವೆ, ಆದರೆ ಹೊಸ ಕಾರಿನ ಸಸ್ಪೆನ್ಷನ್ ಬಿಚ್ಚಿಸಿ ವಾರಂಟಿಯ ತಕರಾರಿಗೆ ದಾರಿ ಮಾಡಿಕೊಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಆದ್ದರಿಂದ ನಿಮ್ಮ ಡ್ರೈವ್‌ವೇ ಕಡಿದಾಗಿದ್ದರೆ ಟ್ರಿಮ್‌ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು: 1ಎಲ್‌ಟಿಯನ್ನು ಪಟ್ಟಿಯಿಂದ ಹೊಡೆದುಹಾಕಿ. ಅನುಮಾನವಿದ್ದರೆ ಟೆಸ್ಟ್ ಡ್ರೈವ್ ಕಾರನ್ನು ನಿಮ್ಮ ಮನೆಯವರೆಗೆ ತರಲು ಡೀಲರನ್ನು ಕೇಳಿ. ಒಬ್ಬರು ಹೊರಗೆ ಬಗ್ಗಿ ನೋಡುತ್ತಿರಲಿ, ನೀವು ನಿಧಾನವಾಗಿ, ಸ್ವಲ್ಪ ಓರೆಯಾಗಿ ಹತ್ತಿಸಿ.

ಝಡ್51 ಬೇಕೇ?

ಈ ಪ್ಯಾಕೇಜಿನಲ್ಲಿ ಏನೇನು ಬರುತ್ತದೆ ಎಂದರೆ: ದೊಡ್ಡ ಬ್ರೆಂಬೊ ಬ್ರೇಕುಗಳು, ಗಡುಸಾದ ಸಸ್ಪೆನ್ಷನ್, ಎಂಜಿನ್ ಬೆನ್ನಿನ ಶಾಖ ತಡೆಯಲು ಹೆಚ್ಚುವರಿ ಕೂಲಿಂಗ್, ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಭಾಗ), ಬೇಗ ಚಿಮ್ಮಲು ಬದಲಾಯಿಸಿದ ಹಿಂಬದಿಯ ಗೇರ್ ಅನುಪಾತ, ಪರ್ಫಾರ್ಮೆನ್ಸ್ ಎಕ್ಸಾಸ್ಟ್, ಮುಂದೆ ಮೂತಿಯಡಿ ಗಾಳಿ ಸೀಳುವ ಸ್ಪ್ಲಿಟರ್, ಹಿಂದೆ ಸ್ಪಾಯ್ಲರ್, ಮತ್ತು ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಬೇಸಿಗೆಯ ಟೈರುಗಳು. ಝಡ್51 ಇರುವ ಕಾರು ನಿಂತಲ್ಲಿಂದ ಗಂಟೆಗೆ 60 ಮೈಲಿ ತಲುಪಲು 2.9 ಸೆಕೆಂಡ್ ಸಾಕು. ಕುತೂಹಲದ ಸಂಗತಿಯೆಂದರೆ ಗರಿಷ್ಠ ವೇಗದಲ್ಲಿ ಮಾತ್ರ ಝಡ್51 ಇಲ್ಲದ ಕಾರೇ ಮುಂದು: ಅದು ಗಂಟೆಗೆ 194 ಮೈಲಿ, ಇದು 184. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಸ್ಪಾಯ್ಲರ್ ಗಾಳಿಗೂ ಅಡ್ಡ ನಿಲ್ಲುತ್ತದೆ.

ಝಡ್51 ಬರೆಸುವ ಮುನ್ನ ನಿಮ್ಮನ್ನೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ವರ್ಷಕ್ಕೆ ಎಷ್ಟು ಸಲ ರೇಸ್ ಟ್ರ್ಯಾಕಿಗೆ ಹೋಗುತ್ತೀರಿ? ಒಂದು ಸಲವಾದರೂ ಹೋಗುವುದು ಖಚಿತವಿದ್ದರೆ ಕಣ್ಣು ಮುಚ್ಚಿ ಬರೆಸಿ. ಆ ಡಿಫರೆನ್ಷಿಯಲ್, ಗೇರ್ ಅನುಪಾತ, ಕೂಲಿಂಗ್ ಇವನ್ನು ಆಮೇಲೆ ಸೇರಿಸಲು ಹೊರಟರೆ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ಎಕ್ಸಾಸ್ಟ್ ಒಂದೇ ನಿಮಗಿಷ್ಟವಾದರೆ ಅದನ್ನು ಪ್ರತ್ಯೇಕವಾಗಿಯೇ ಆರ್ಡರ್ ಮಾಡಬಹುದು. ಸ್ಪಾಯ್ಲರ್‌ನ ಅಂದಕ್ಕಾಗಿ ಮಾತ್ರ ಝಡ್51 ಬೇಡ.

ಟೈರಿನ ವಿಷಯ ಚಳಿ ಪ್ರದೇಶದಲ್ಲಿರುವವರು ಎರಡು ಸಲ ಓದಬೇಕು. ಬೇಸಿಗೆಯ ಟೈರಿನ ರಬ್ಬರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಮೈನಸ್ 7ಕ್ಕಿಂತ ಕೆಳಗೆ ಕಾರನ್ನು ಕದಲಿಸಿದರೂ ಸಾಕು, ರಬ್ಬರು ಬಿರಿಯಬಹುದು. ಝಡ್51 ಇಲ್ಲದ ಕಾರಿಗೆ ಬರುವುದು ಆಲ್ ಸೀಸನ್ ಟೈರುಗಳು. ನಾನು ಝಡ್51 ಬೇಡವೆಂದದ್ದಕ್ಕೆ ಮುಖ್ಯ ಕಾರಣ ಇದೇ. ನಮ್ಮಲ್ಲಿ ಏಪ್ರಿಲ್‌ನ ಬೆಳಗ್ಗೆ ಹಿಮ ಬೀಳುವುದುಂಟು, ನವೆಂಬರ್‌ನಲ್ಲಿ ಬಿಸಿಲು ಕಾಯುವುದೂ ಉಂಟು. ಆ ಎರಡು ತಿಂಗಳನ್ನು ಟೈರಿನ ಭಯದಲ್ಲಿ ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಸ್ತೆಗೆ ಉಪ್ಪು ಸುರಿಯುವಾಗ ಕಾರು ಹೇಗೂ ಗ್ಯಾರೇಜಿನಲ್ಲೇ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ಇರುವವರಿಗೆ ಈ ಚಿಂತೆ ಕಡಿಮೆ.

ಇನ್ನೊಂದು ಮಾತು. ಮ್ಯಾಗ್ನೆಟಿಕ್ ರೈಡ್ ಎಂಬ ಸಸ್ಪೆನ್ಷನ್ ಝಡ್51ರ ಬೆಲೆಯೊಳಗೆ ಸೇರಿಲ್ಲ, ಬೇರೆ ಬರೆಸಬೇಕು. ಝಡ್51 ಜೊತೆಗಿನದರ ಸಂಕೇತ ಎಫ್‌ಇ4. ಶಾಕ್ ಅಬ್ಸಾರ್ಬರಿನೊಳಗಿನ ದ್ರವದಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿರುತ್ತವೆ. ವಿದ್ಯುತ್ ಹರಿಸಿದಾಗ ಅವು ಸಾಲುಗಟ್ಟಿ ದ್ರವ ಗಟ್ಟಿಯಾದಂತೆ ವರ್ತಿಸುತ್ತದೆ, ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುತ್ತದೆ. ಕಾರ್ವೆಟ್‌ಗೆ ಇದು ಮೊದಲು ಬಂದದ್ದು 2003ರಲ್ಲಿ. ಝಡ್51 ತೆಗೆದುಕೊಂಡು ದಿನವೂ ಗುಂಡಿ ಬಿದ್ದ ರಸ್ತೆಯಲ್ಲಿ ಓಡಾಡುವವರು ಇದಕ್ಕೆ ಹಣ ಕೊಡಲು ಹಿಂದೆಮುಂದೆ ನೋಡಬೇಡಿ. ಸೊಂಟ ಉಳಿಯುತ್ತದೆ.

ಸೀಟಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ

ಸೀಟುಗಳು ಮೂರು ಬಗೆ: ಜಿಟಿ1, ಜಿಟಿ2 ಮತ್ತು ಕಾಂಪಿಟಿಷನ್ ಸ್ಪೋರ್ಟ್. 1ಎಲ್‌ಟಿಗೆ ಜಿಟಿ1 ಮಾತ್ರ. 2ಎಲ್‌ಟಿಗೂ ಅದೇ ಬರುತ್ತದೆ, ಹೆಚ್ಚು ಹಣ ಕೊಟ್ಟರೆ ಉಳಿದೆರಡರಲ್ಲಿ ಒಂದನ್ನು ಆರಿಸಬಹುದು. 3ಎಲ್‌ಟಿಗೆ ಜಿಟಿ2 ಒಳಗೊಂಡಿರುತ್ತದೆ. ಇದೂ ಟ್ರಿಮ್ ಎಂಬ ಬಾಗಿಲಿನ ಹಿಂದಿರುವ ಸಂಗತಿಯೇ.

ಯಾರ ಅಭಿಪ್ರಾಯವೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ನನ್ನದೂ ಸೇರಿ. ನಿಮ್ಮ ತೊಡೆ, ಭುಜ, ಬೆನ್ನು ಹೇಳಬೇಕು. ಮಾರಾಟಗಾರ ಪಕ್ಕದಲ್ಲಿ ನಿಂತಿದ್ದರೆ ಯಾರೂ ಐದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ಬಾಗಿಲು ಹಾಕಿಕೊಂಡು, ಫೋನ್ ಬದಿಗಿಟ್ಟು, ಅರ್ಧ ಗಂಟೆ ಕೂರುತ್ತೇನೆ ಎಂದು ಮೊದಲೇ ಹೇಳಿ. ಜೇಬಿನಲ್ಲಿರುವ ಪರ್ಸ್ ತೆಗೆದಿಡಿ. ಹತ್ತನೆಯ ನಿಮಿಷದಲ್ಲಿ ಏನೂ ಅನ್ನಿಸದ ಪಕ್ಕದ ಏರು ಇಪ್ಪತ್ತೈದನೆಯ ನಿಮಿಷದಲ್ಲಿ ತೊಡೆಗೆ ಒತ್ತತೊಡಗುತ್ತದೆ.

ಜೊತೆಗೆ ಪಕ್ಕದ ಸೀಟಿನಲ್ಲಿ ಕೂರುವವರನ್ನೂ ಕರೆದೊಯ್ಯಿರಿ. ನಾನು ಕಾರು ನೋಡುತ್ತಿದ್ದ ಬೇಸಿಗೆಯಲ್ಲಿ ಅಮ್ಮ ಶಿವಮೊಗ್ಗದಿಂದ ಬಂದಿದ್ದರು, ಅವರನ್ನೂ ಕರೆದುಕೊಂಡು ಹೋದೆ. ಕಾಂಪಿಟಿಷನ್ ಸೀಟಿಗೆ ನನ್ನ ಮನಸ್ಸು ಆಗಲೇ ಹೋಗಿತ್ತು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕೂತರು, ಸೀರೆಯ ನೆರಿಗೆ ಒಳಗೆಳೆದುಕೊಂಡರು, ಕಾರನ್ನು ಮೆಚ್ಚಿದರು. ಏಳುವಾಗ ಸೀಟಿನ ಎರಡೂ ಪಕ್ಕದ ದಿಂಬುಗಳು ತೊಡೆಯನ್ನು ಹಿಡಿದುಕೊಂಡಿದ್ದವು. “ಬಾವಿಯಿಂದ ಹತ್ತಿ ಬಂದ ಹಾಗಾಯಿತು ಕಣೋ, ಕೈ ಕೊಡು” ಎಂದರು. ಜಿಟಿ2ರಲ್ಲಿ ಒಂದು ಕೈ ಆಸರೆಯಲ್ಲಿ ಎದ್ದರು, ಜಿಟಿ1ರಲ್ಲಿ ತಾವೇ ಎದ್ದರು. ನಾನು ಜಿಟಿ2 ಬರೆಸಿದೆ. ಅದರ ಬೆನ್ನಿನ ಭಾಗ ಜಿಟಿ1ಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ, ಆರು ಗಂಟೆಯ ದಾರಿಗೂ ನನಗೆ ಸರಿಹೋಗಿದೆ.

2020ರಿಂದ 2025ರವರೆಗಿನ ಕಾರುಗಳಲ್ಲಿ ಚಾಲಕನಿಗೂ ಪಕ್ಕದವರಿಗೂ ನಡುವೆ ಒಂದು ಎತ್ತರದ ದಿಣ್ಣೆಯಿದೆ, ಅದರ ಅಂಚಿನುದ್ದಕ್ಕೂ ಎ.ಸಿ. ಮತ್ತು ಸೀಟಿನ ಗುಂಡಿಗಳ ಸಾಲು. ಚಾಲಕನಿಗೆ ವಿಮಾನದ ಕಾಕ್‌ಪಿಟ್‌ನಲ್ಲಿ ಕುಳಿತ ಸಂತೋಷ, ಪಕ್ಕದವರಿಗೆ ಗೋಡೆಯಾಚೆ ಕುಳಿತ ಭಾವ. 2026ರಲ್ಲಿ ಈ ಗುಂಡಿಗಳ ಸಾಲನ್ನು ತೆಗೆದು ಚಾಲಕನ ಮುಂದೆ ಮೂರು ಪರದೆಗಳನ್ನು ಕೊಟ್ಟಿದ್ದಾರೆ. ಹಳೆಯ, ಕಡಿಮೆ ಓಡಿದ ಕಾರು ನೋಡುತ್ತಿರುವವರು ಮನೆಯವರನ್ನು ಅಲ್ಲಿ ಕೂರಿಸಿ ಕೇಳದೆ ಮುಂಗಡ ಕೊಡಬೇಡಿ.

2ಎಲ್‌ಟಿಯ ಹೆಚ್ಚುವರಿ ಹಣಕ್ಕೆ ಸಿಗುವುದೇನು

2020ರಲ್ಲಿ, ಸಾಗಣೆ ವೆಚ್ಚವೂ ಸೇರಿ, 1ಎಲ್‌ಟಿ ಕೂಪೆಯ (ಛಾವಣಿಯ ಫಲಕವನ್ನು ಕೈಯಿಂದ ಬಿಚ್ಚುವ ಮಾದರಿ) ಬೆಲೆ 59,995 ಡಾಲರ್, 2ಎಲ್‌ಟಿ 67,295, 3ಎಲ್‌ಟಿ 71,945. ಆಮೇಲೆ ಎಲ್ಲವೂ ಏರಿವೆ. ಆದರೆ ಮೆಟ್ಟಿಲುಗಳ ಅಂತರ ನೋಡಿ: ಮೊದಲ ಮೆಟ್ಟಿಲು 7,300 ಡಾಲರಿನದು, ಎರಡನೆಯದು 4,650ರದು. ದೊಡ್ಡ ಹೆಜ್ಜೆ 1ರಿಂದ 2ಕ್ಕೆ.

1ಎಲ್‌ಟಿ ಎಂದರೆ ಬಡಪಾಯಿ ಕಾರಲ್ಲ. 2023ರ ಮಾಡೆಲ್‌ನಲ್ಲಿ 12 ಇಂಚಿನ ಡಿಜಿಟಲ್ ಮೀಟರ್ ಫಲಕ, 8 ಇಂಚಿನ ಟಚ್‌ಸ್ಕ್ರೀನ್, ಹತ್ತು ಸ್ಪೀಕರಿನ ಬೋಸ್ ಸಂಗೀತ ವ್ಯವಸ್ಥೆ, ಚರ್ಮದ ಸೀಟು ಎಲ್ಲವೂ ಇತ್ತು. 2ಎಲ್‌ಟಿಯಲ್ಲಿ ಸೇರುವುದು: ಬಿಸಿಯಾಗುವ, ತಂಪು ಗಾಳಿ ಬೀಸುವ ಸೀಟು, ಬಿಸಿಯಾಗುವ ಸ್ಟೀರಿಂಗ್, ಗಾಜಿನ ಮೇಲೆ ವೇಗ ತೋರಿಸುವ ಹೆಡ್‌ಅಪ್ ಡಿಸ್‌ಪ್ಲೇ, ಹದಿನಾಲ್ಕು ಸ್ಪೀಕರ್, ವೈರ್‌ಲೆಸ್ ಚಾರ್ಜಿಂಗ್, ನ್ಯಾವಿಗೇಷನ್, ಸೀಟಿನ ಸ್ಥಾನದ ನೆನಪು, ಡ್ರೈವಿಂಗ್‌ನ ವಿಡಿಯೊ ಮತ್ತು ಅಂಕಿಅಂಶ ದಾಖಲಿಸುವ ರೆಕಾರ್ಡರ್, ಮೂತಿಯ ಕೆಳಗಿನ ಕ್ಯಾಮೆರಾ, ಹಿಂದಿನ ನೋಟವನ್ನು ಕ್ಯಾಮೆರಾದಿಂದ ತೋರಿಸುವ ಕನ್ನಡಿ, ಪಕ್ಕದ ಲೇನಿನ ವಾಹನದ ಎಚ್ಚರಿಕೆ.

ಇವುಗಳಲ್ಲಿ ಎಷ್ಟು ನಿಜವಾಗಿ ಬಳಕೆಗೆ ಬರುತ್ತವೆ? ನ್ಯಾವಿಗೇಷನ್ ನಾನು ತೆರೆದದ್ದೇ ಅಪರೂಪ, ಫೋನಿನದೇ ಸಾಕು. ವಿಡಿಯೊ ರೆಕಾರ್ಡರ್ ಟ್ರ್ಯಾಕಿಗೆ ಹೋಗುವವರಿಗೆ ಚೆನ್ನ. ಸ್ಪೀಕರ್ ಹತ್ತೋ ಹದಿನಾಲ್ಕೋ, ಬೆನ್ನ ಹಿಂದೆ ವಿ8 ಇರುವಾಗ ಕಿವಿ ಅದರ ಕಡೆಗೇ ಹೋಗುತ್ತದೆ.

ಆದರೆ ಕ್ಯಾಮೆರಾ ಕನ್ನಡಿ ಮತ್ತು ಪಕ್ಕದ ಎಚ್ಚರಿಕೆಯನ್ನು ನಾನು ಸುರಕ್ಷತೆಯ ವಸ್ತುಗಳೆಂದೇ ಎಣಿಸುತ್ತೇನೆ. ಎಂಜಿನ್ ಹಿಂದಕ್ಕೆ ಬಂದ ಮೇಲೆ ಈ ಕಾರಿನಲ್ಲಿ ಹಿಂದಿನದು ಕಾಣುವುದು ಕಷ್ಟ. ಮಾಮೂಲಿ ಕನ್ನಡಿಯಲ್ಲಿ ಕಾಣುವುದು ಎಂಜಿನ್ ಮೇಲಿನ ಗಾಜಿನಾಚೆಗಿನ ಒಂದು ಸಣ್ಣ ಪಟ್ಟಿ. ಹಿಂದಿನ ಮೂಲೆಗಳಂತೂ ಪೂರ್ತಿ ಮರೆ. ಇಂಟರ್‌ಸ್ಟೇಟ್ 75ರಲ್ಲಿ ಸಂಜೆಯ ದಟ್ಟಣೆಯಲ್ಲಿ ಲಾರಿಗಳ ನಡುವೆ ಲೇನ್ ಬದಲಾಯಿಸುವಾಗ ಕನ್ನಡಿಯಂಚಿನ ಆ ಪುಟ್ಟ ದೀಪ ಎಷ್ಟು ಧೈರ್ಯ ಕೊಡುತ್ತದೆ ಎಂಬುದು ದಿನವೂ ಓಡಿಸುವವರಿಗೆ ಗೊತ್ತು. ವಾರಕ್ಕೆ ನಾಲ್ಕು ದಿನ ಓಡಿಸುವವರಾದರೆ 2ಎಲ್‌ಟಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಭಾನುವಾರದ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಮಾತ್ರ ಓಡಿಸುವವರಿಗೆ 1ಎಲ್‌ಟಿ ಸಾಕು.

3ಎಲ್‌ಟಿ ಯಾರಿಗೆ

3ಎಲ್‌ಟಿಯಲ್ಲಿ ಹೊಸ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ ಎಂದೇ ಹೇಳಬಹುದು. ಅದು ಕೊಡುವುದು ಸ್ಪರ್ಶವನ್ನು. ಡ್ಯಾಶ್‌ಬೋರ್ಡ್, ಬಾಗಿಲು, ನಡುವಿನ ದಿಣ್ಣೆಗೆ ಚರ್ಮದ ಹೊದಿಕೆ, ಮೇಲ್ಭಾಗಕ್ಕೆ ಸ್ವೀಡ್‌ನಂಥ ಮೃದು ಬಟ್ಟೆ, ನಾಪಾ ಚರ್ಮದ ಜಿಟಿ2 ಸೀಟು, ಹೆಚ್ಚಿನ ಒಳಬಣ್ಣಗಳ ಆಯ್ಕೆ. ಕೈಯಿಟ್ಟಲ್ಲೆಲ್ಲ ಹೊಲಿಗೆಯ ಚರ್ಮ ಸಿಗುವುದರಲ್ಲಿ ಒಂದು ಸುಖವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಿಮಗೆ ಬೇಕೇಬೇಕಾದ ಒಳಬಣ್ಣ 3ಎಲ್‌ಟಿಯಲ್ಲಿ ಮಾತ್ರವಿದ್ದರೆ ಅದೇ ಸಾಕಾದಷ್ಟು ಕಾರಣ. ಹತ್ತು ವರ್ಷ ಇಟ್ಟುಕೊಳ್ಳುವ ಕಾರಿನಲ್ಲಿ ದಿನವೂ ನೋಡುವುದು ಒಳಗಿನ ಬಣ್ಣವನ್ನೇ.

ಮಾರುವಾಗ ಹಣ ವಾಪಸು ಬರುತ್ತದೆ ಎಂದು ಮಾತ್ರ 3ಎಲ್‌ಟಿ ತೆಗೆದುಕೊಳ್ಳಬೇಡಿ. ನಿಮ್ಮಿಂದ ಕೊಳ್ಳುವವರು ಮೊದಲು ಕೇಳುವುದು ಝಡ್51 ಇದೆಯೇ, ಲಿಫ್ಟ್ ಇದೆಯೇ, ಎಷ್ಟು ಮೈಲಿ ಓಡಿದೆ ಎಂದು.

1ಎಲ್‌ಟಿ ಮತ್ತು ಝಡ್51, ಅಥವಾ ಝಡ್51 ಇಲ್ಲದ 2ಎಲ್‌ಟಿ

ಬಜೆಟ್ ಬಿಗಿಯಾಗಿರುವವರು ಕೊನೆಗೆ ಬಂದು ನಿಲ್ಲುವುದು ಈ ಕವಲಿನಲ್ಲಿ. 2020ರಲ್ಲಿ ಝಡ್51ರ ಬೆಲೆ 5,000 ಡಾಲರ್ ಇತ್ತು, 2ಎಲ್‌ಟಿಗೆ ಹತ್ತುವುದಕ್ಕಿಂತ ಕಡಿಮೆ.

ನನ್ನ ಗೆಳೆಯನೊಬ್ಬ 1ಎಲ್‌ಟಿಗೆ ಝಡ್51 ಸೇರಿಸಿ ತೆಗೆದುಕೊಂಡ. ಸೌತ್ ಹೇವನ್ ಬಳಿಯ ಜಿಂಜರ್‌ಮ್ಯಾನ್ ರೇಸ್‌ವೇಗೆ ಬೇಸಿಗೆಯಲ್ಲಿ ಆಗಾಗ ಹೋಗುತ್ತಾನೆ. ಬಿಸಿಯಾಗುವ ಸ್ಟೀರಿಂಗ್ ಅವನಿಗೆ ಬೇಕಿಲ್ಲ, ಕಾರು ಚಳಿಗಾಲದಲ್ಲಿ ಹೊರಬರುವುದೇ ಇಲ್ಲ. ಉಳಿದ ಹಣ ಟೈರು ಮತ್ತು ಬ್ರೇಕ್ ಪ್ಯಾಡುಗಳಿಗೆ ಹೋಗುತ್ತದೆ. ಅವನ ಆಯ್ಕೆ ಅವನಿಗೆ ನೂರಕ್ಕೆ ನೂರು ಸರಿ. ಒಂದೇ ಕೊರತೆ, ಅವನ ಡ್ರೈವ್‌ವೇಯಲ್ಲಿ ಎರಡು ಹಲಗೆಗಳು ಸದಾ ಸಿದ್ಧವಾಗಿರಬೇಕು. ಮನೆಗೆ ಬಂದಾಗಲೆಲ್ಲ ಇಳಿದು, ಹಲಗೆ ಇಟ್ಟು, ಮತ್ತೆ ಹತ್ತಿ ಒಳಗೆ ತರುತ್ತಾನೆ. ಬುಕ್ ಮಾಡುವ ದಿನ ಲಿಫ್ಟ್ ವಿಚಾರ ಯಾರೂ ಅವನಿಗೆ ಹೇಳಿರಲಿಲ್ಲ.

ನಾನು ಝಡ್51 ಬಿಟ್ಟು 2ಎಲ್‌ಟಿ, ಇ60, ಜಿಟಿ2 ತೆಗೆದುಕೊಂಡೆ. ಟ್ರ್ಯಾಕಿಗೆ ಹೋಗುವ ಯೋಚನೆ ನನಗಿರಲಿಲ್ಲ. ಲೇಕ್ ಮಿಷಿಗನ್ ದಂಡೆಯ ರಸ್ತೆಯಲ್ಲಿ ಮೇಲ್ಛಾವಣಿಯ ಫಲಕ ಬಿಚ್ಚಿ ಹಿಂದಿನ ಡಿಕ್ಕಿಯಲ್ಲಿಟ್ಟು ನಿಧಾನವಾಗಿ ಹೋಗುವುದೇ ನನ್ನ ಸುಖ. ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಕಳೆದ ಎರಡು ವರ್ಷ ನೀವು ಈಗಿರುವ ಕಾರನ್ನು ಎಲ್ಲೆಲ್ಲಿ ಓಡಿಸಿದ್ದೀರಿ ಎಂದು ಬರೆದು ನೋಡಿ. ಹೊಸ ಕಾರು ಬಂದ ಕೂಡಲೇ ನಿಮ್ಮ ದಾರಿಗಳು ಬದಲಾಗುವುದಿಲ್ಲ.

ಝಡ್06 ಕಡೆ ಕಣ್ಣು ಹೋದರೆ

ಎಲ್ಲವನ್ನೂ ಸೇರಿಸುತ್ತಾ ಹೋದರೆ 3ಎಲ್‌ಟಿ ಕನ್ವರ್ಟಿಬಲ್‌ನ (ಛಾವಣಿ ತಾನಾಗಿ ಮಡಚುವ ಮಾದರಿ) ಬೆಲೆ ಕಾರ್ವೆಟ್‌ನದೇ ಹೆಚ್ಚು ಶಕ್ತಿಯ ಮಾದರಿಯಾದ ಝಡ್06ರ ಆರಂಭದ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ಆಗ ಮನಸ್ಸು ಹರಿಯುವುದು ಸಹಜ. ಝಡ್06 ಬೇರೆಯೇ ಯಂತ್ರ: 5.5 ಲೀಟರಿನ ಎಲ್‌ಟಿ6, 8,400 ಆರ್‌ಪಿಎಂನಲ್ಲಿ 670 ಎಚ್‌ಪಿ, ಟರ್ಬೊ ಇಲ್ಲ. ಸ್ಟಿಂಗ್‌ರೇಯ ಎಂಜಿನ್ ಗುಡುಗಿದರೆ ಇದು ಚೀರುತ್ತದೆ. ಟ್ರಿಮ್‌ಗಳ ಹೆಸರು 1ಎಲ್‌ಝಡ್, 2ಎಲ್‌ಝಡ್, 3ಎಲ್‌ಝಡ್. ತರ್ಕ ಮೇಲೆ ಹೇಳಿದ್ದೇ. ಒಮ್ಮೆ ಝಡ್06ಗೆ ಹಣ ಕೊಡಲು ನಿರ್ಧರಿಸಿದ ಮೇಲೆ ಚರ್ಮದ ಮೇಲೆ ಹಣ ಹಾಕದೆ 1ಎಲ್‌ಝಡ್ ಅಥವಾ 2ಎಲ್‌ಝಡ್‌ನಲ್ಲಿ ನಿಲ್ಲಿಸುವುದು ನನ್ನ ಸಲಹೆ.

ಝಡ್06ಗೆ ಸೇರಿಸಬಹುದಾದ ಝಡ್07 ಪ್ಯಾಕೇಜಿನ ಕಾರ್ಬನ್ ಸೆರಾಮಿಕ್ ಬ್ರೇಕ್, ಕಪ್ 2 ಆರ್ ಟೈರು, ಇನ್ನೂ ಗಡುಸಾದ ಸಸ್ಪೆನ್ಷನ್ ಎಲ್ಲವೂ ಟ್ರ್ಯಾಕಿಗಾಗಿ ಮಾಡಿದವು. ಮಳೆ, ಚಳಿಯಲ್ಲಿ ಆ ಟೈರುಗಳ ಮೇಲೆ ಭರವಸೆ ಇಡುವಂತಿಲ್ಲ. ಕಾರ್ಬನ್ ಫೈಬರ್ ಚಕ್ರಗಳಂತೂ ನಮ್ಮ ಮಿಷಿಗನ್ ಗುಂಡಿಗಳಿಗೆ ತಕ್ಕವಲ್ಲ. ಹೆಚ್ಚು ಪೆಟ್ರೋಲ್ ಕುಡಿಯುವ ಕಾರುಗಳ ಮೇಲಿನ ಫೆಡರಲ್ ತೆರಿಗೆಯೂ ಝಡ್06ಗೆ ಬೀಳುತ್ತದೆ, ಸ್ಟಿಂಗ್‌ರೇಗೆ ಇಲ್ಲ. ಹಿಮದ ನಾಡಿನಲ್ಲಿ ವರ್ಷವಿಡೀ ಓಡಿಸಬೇಕೆನ್ನುವವರು 2023ರಲ್ಲಿ ಬಂದ ಇ-ರೇ ಎಂಬ ಕಾರ್ವೆಟ್ ನೋಡಬೇಕು. ಮುಂದಿನ ಚಕ್ರಗಳಿಗೆ ವಿದ್ಯುತ್ ಮೋಟಾರ್, ಒಟ್ಟು 655 ಎಚ್‌ಪಿ, ನಾಲ್ಕೂ ಚಕ್ರಗಳ ಎಳೆತ, ಜೊತೆಗೆ ಆಲ್ ಸೀಸನ್ ಟೈರು.

ಊರಿನಿಂದ ಕೇಳುವವರಿಗೆ ಒಂದು ಮಾತು: ಜನರಲ್ ಮೋಟಾರ್ಸ್ ಭಾರತದಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ. ಬಲಗಡೆ ಸ್ಟೀರಿಂಗ್ ಇರುವ ಕಾರ್ವೆಟ್ ಕಾರ್ಖಾನೆಯಿಂದಲೇ ಬರತೊಡಗಿದ್ದು ಈ ಎಂಟನೆಯ ತಲೆಮಾರಿನಲ್ಲಿ, ಬ್ರಿಟನ್, ಆಸ್ಟ್ರೇಲಿಯಾ, ಜಪಾನ್‌ಗಳಿಗಾಗಿ. ಇಲ್ಲಿ ಕೊಂಡ ಎಡಗಡೆ ಸ್ಟೀರಿಂಗಿನ ಕಾರನ್ನು ಊರಿಗೆ ಒಯ್ಯುವ ಆಸೆ ಇಟ್ಟುಕೊಳ್ಳಬೇಡಿ.

ಡೀಲರ್ ಮುಂದೆ ಕುಳಿತಾಗ

ಕಾರ್ವೆಟ್‌ಗಳು ತಯಾರಾಗುವುದು ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿ, 1981ರಿಂದ. ಕಂಪನಿ ಪ್ರತಿ ಡೀಲರ್‌ಗೆ ಇಂತಿಷ್ಟು ಕಾರು ಎಂದು ಹಂಚುತ್ತದೆ. ಹೆಚ್ಚು ಕಾರ್ವೆಟ್ ಮಾರುವ ಡೀಲರ್‌ಗೆ ಹೆಚ್ಚು ಪಾಲು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಪಾಲಿನದು: ನಿಮ್ಮ ಬಳಿ ಈಗ ಹಂಚಿಕೆ ಇದೆಯೇ, ನನ್ನ ಸರದಿ ಎಷ್ಟನೆಯದು? ಎರಡನೆಯದು ಬೆಲೆ. ಕಂಪನಿ ನಿಗದಿಪಡಿಸಿದ ಸ್ಟಿಕರ್ ಬೆಲೆಯ ಮೇಲೆ ಒಂದು ಡಾಲರೂ ಸೇರಿಸುವುದಿಲ್ಲ ಎಂದು ಬರವಣಿಗೆಯಲ್ಲಿ ಪಡೆಯಿರಿ. ಮುಂಗಡ ವಾಪಸು ಸಿಗುತ್ತದೆಯೇ ಎಂಬುದೂ ಅದೇ ಕಾಗದದಲ್ಲಿರಲಿ. ಹತ್ತಿರದ ಡೀಲರ್ ಒಪ್ಪದಿದ್ದರೆ ಪಕ್ಕದ ರಾಜ್ಯಕ್ಕೆ ಫೋನ್ ಮಾಡಿ, ಸರ್ವಿಸ್ ಎಲ್ಲಿ ಬೇಕಾದರೂ ಮಾಡಿಸಬಹುದು.

ಆರ್ಡರ್‌ನ ಪ್ರಗತಿಗೆ ಸಂಖ್ಯೆಗಳಿವೆ. 1100 ಎಂದರೆ ಡೀಲರ್ ದಾಖಲಿಸಿದ್ದಾರೆ, 2000 ಎಂದರೆ ಕಂಪನಿ ತೆಗೆದುಕೊಂಡಿದೆ, 3000 ಎಂದರೆ ಉತ್ಪಾದನಾ ವಿಭಾಗ ಒಪ್ಪಿದೆ, 3800 ಎಂದರೆ ಕಾರು ತಯಾರಾಗಿದೆ. 3000 ತಲುಪಿದ ಮೇಲೆ ಬದಲಾವಣೆ ಮಾಡಿಸುವುದು ಬಹಳ ಕಷ್ಟ. ಅದಕ್ಕೆ ಮುಂಚೆ ಆರ್ಡರ್ ಹಾಳೆಯ ಪ್ರತಿ ತರಿಸಿಕೊಂಡು ಒಂದೊಂದೇ ಸಂಕೇತಕ್ಕೆ ಗುರುತು ಹಾಕಿ: ಝಡ್51 ಇದೆಯೋ ಇಲ್ಲವೋ, ಇ60, ಜಿಟಿ2ಕ್ಕೆ ಎಎಚ್2, ಕಾಂಪಿಟಿಷನ್ ಸೀಟಿಗೆ ಎಇ4. ನನ್ನ ಹಾಳೆಯಲ್ಲಿ ಎಲ್ಲವೂ ಇತ್ತು, ಇ60 ಮಾತ್ರ ಇರಲಿಲ್ಲ. ಮಾರಾಟಗಾರರು ಬಾಯಿ ಮಾತಿನಲ್ಲಿ “ಹಾಕಿದ್ದೇನೆ” ಎಂದಿದ್ದರು. ಆಗ ಆರ್ಡರ್ 2000ದಲ್ಲಿತ್ತು, ಅದೇ ಮಧ್ಯಾಹ್ನ ಸರಿಪಡಿಸಿಕೊಟ್ಟರು. ಇನ್ನು ಹತ್ತು ದಿನ ತಡವಾಗಿದ್ದರೆ ನನ್ನ ಡ್ರೈವ್‌ವೇಗೂ ಎರಡು ಹಲಗೆ ಬೇಕಾಗುತ್ತಿತ್ತು.

ಬಣ್ಣವನ್ನು ಪರದೆಯ ಮೇಲೆ ನೋಡಿ ತೀರ್ಮಾನಿಸಬೇಡಿ. ಬಿಸಿಲಿನಲ್ಲಿ ನಿಂತ ನಿಜವಾದ ಕಾರನ್ನು ಹುಡುಕಿಕೊಂಡು ಹೋಗಿ ನೋಡಿ.

ಹಾಳೆಯಲ್ಲಿ ಇನ್ನೊಂದು ಸಂಕೇತವಿದೆ, ಆರ್8ಸಿ. ಅದನ್ನು ಬರೆಸಿದರೆ ಕಾರನ್ನು ಡೀಲರ್ ಅಂಗಳದ ಬದಲು ಕಾರ್ಖಾನೆಯ ಬಳಿಯಿರುವ ನ್ಯಾಷನಲ್ ಕಾರ್ವೆಟ್ ಮ್ಯೂಸಿಯಮ್‌ನಲ್ಲಿ ನಿಮ್ಮ ಕೈಗೆ ಕೊಡುತ್ತಾರೆ. ಒಂದೊಂದೇ ಗುಂಡಿಯನ್ನು ಸಾವಧಾನವಾಗಿ ಪರಿಚಯಿಸುತ್ತಾರೆ. ಡೆಟ್ರಾಯಿಟ್ ಕಡೆಯವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿಂದ ಮನೆಗೆ ಸುಮಾರು 475 ಮೈಲಿ, ಹೊಸ ಎಂಜಿನ್ ಪಳಗಬೇಕಾದ ಮೊದಲ 500 ಮೈಲಿಗೆ ಹತ್ತಿರ ಹತ್ತಿರ ಅಷ್ಟೇ. ಆ ದಾರಿಯಲ್ಲಿ ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ಒತ್ತಬೇಡಿ, ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬೇಡಿ, ಮೊದಲ 200 ಮೈಲಿ ಬ್ರೇಕು ಮತ್ತು ಟೈರುಗಳಿಗೂ ಮೆದುವಾಗಿರಿ. ಲೂಯಿವಿಲ್‌ವರೆಗೆ ಇಂಟರ್‌ಸ್ಟೇಟ್ ಬಿಟ್ಟು ಹಳ್ಳಿಗಳ ನಡುವಿನ ರಸ್ತೆ ಹಿಡಿದರೆ ವೇಗ ತಾನಾಗಿಯೇ ಏರಿಳಿಯುತ್ತದೆ. ಮನೆ ಮುಟ್ಟಿದಾಗ ಡ್ರೈವ್‌ವೇ ಮುಂದೆ ನಿಂತು, ಲಿಫ್ಟ್ ಗುಂಡಿ ಒತ್ತಿ, ಆ ಜಾಗವನ್ನು ನೆನಪಿಗೆ ಸೇರಿಸಿಯೇ ಒಳಗೆ ಹತ್ತಿಸಿ.